ಕೈ ನಿಂತುಹೋದಾಗ: ಹಾಡು, ಚಿತ್ರ, ಬರಹವನ್ನು ಮತ್ತೆ ಹಿಡಿಯುವ ಬಗೆ

“ಮದುವೆಗೆ ಮುಂಚೆ ಎಷ್ಟು ದೊಡ್ಡ ರಂಗೋಲಿ ಬಿಡ್ತಿದ್ದೆ, ಈಗ ಕೈಯೇ ಏಳಲ್ಲ.” “ಕಾಲೇಜಲ್ಲಿ ಕವನ ಬರೀತಿದ್ದೆ ಸಾರ್, ಈಗ ಎರಡು ಸಾಲು ಬರೆದು ಹರಿದು ಹಾಕ್ತೀನಿ.” “ಭಜನೆ ತಂಡದಲ್ಲಿ ಹಾಡ್ತಿದ್ದೆ, ಯಾರೋ ನಕ್ಕರು, ಬಿಟ್ಟೆ.” ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಯಾವ ಊರಿಗೆ ಹೋದರೂ ಇಂಥ ಮಾತು ಕಿವಿಗೆ ಬೀಳುತ್ತದೆ. ಹೇಳುವವರು ಕಾರಣವನ್ನೂ ತಾವೇ ಕೊಟ್ಟುಬಿಡುತ್ತಾರೆ: ಸೋಮಾರಿತನ, ವಯಸ್ಸು, ಇಲ್ಲವೇ ‘ನನ್ನಲ್ಲಿ ಏನೂ ಇರಲಿಲ್ಲ ಬಿಡಿ’. ಇವೆಲ್ಲ ಅವಸರದ ತೀರ್ಪುಗಳು. ನಿಮ್ಮದೂ ಇದೇ ತೊಂದರೆಯಾಗಿದ್ದರೆ ತಡೆ ಎಲ್ಲಿದೆ ಎಂದು ಮೊದಲು ಹುಡುಕಿ. ಮದ್ದು ಆಮೇಲೆ.

ತಡೆ ಯಾವಾಗಲೂ ಮನಸ್ಸಿನಲ್ಲೇ ಇರುವುದಿಲ್ಲ. ಇದಕ್ಕೆ ಉಳ್ಳಾರ್ತಿ ಕಾವಲಿಗಿಂತ ಹತ್ತಿರದ ಸಾಕ್ಷಿ ಬೇಕಿಲ್ಲ. ಮೈಸೂರು ಅರಸರು ದನಗಳ ಮೇವಿಗೆಂದು ಕಾಯ್ದಿರಿಸಿದ್ದ ಅಮೃತ ಮಹಲ್ ಕಾವಲುಗಳಲ್ಲಿ ಇದೂ ಒಂದು. ಸುತ್ತಲಿನ ಹಟ್ಟಿಗಳ ಕುರುಬರು, ಕಾಡುಗೊಲ್ಲರು, ಮ್ಯಾಸನಾಯಕರು ತಲೆಮಾರುಗಳಿಂದ ಕುರಿ, ದನ ಮೇಯಿಸಿಕೊಂಡು ಬಂದ ಹುಲ್ಲುಬಯಲು ಇದು. ಕುರಿಯಿದ್ದಲ್ಲಿ ಉಣ್ಣೆ, ಉಣ್ಣೆಯಿದ್ದಲ್ಲಿ ಕಂಬಳಿ. ಉಣ್ಣೆ ಕತ್ತರಿಸಿ, ಹಿಂಜಿ, ಹೆಂಗಸರು ನೂಲು ತೆಗೆದು, ಹಾಸಿನ ಎಳೆಗಳಿಗೆ ಹುಣಸೆಬೀಜದ ಗಂಜಿ ಹಚ್ಚಿ ಒಣಗಿಸಿ, ಗುಂಡಿಮಗ್ಗದಲ್ಲಿ ಗಂಡಸರು ನೇಯುವ ಚಳ್ಳಕೆರೆ ಕಂಬಳಿಗೆ ನಾಡಿನಾಚೆಗೂ ಹೆಸರಿದೆ. 2008ರ ನಂತರದ ಕೆಲವೇ ವರ್ಷಗಳಲ್ಲಿ ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳ ಸುಮಾರು ಹತ್ತು ಸಾವಿರ ಎಕರೆ ನೆಲ ಭಾರತೀಯ ವಿಜ್ಞಾನ ಸಂಸ್ಥೆ, ಡಿಆರ್‌ಡಿಒ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರ ಮೊದಲಾದವುಗಳ ಪಾಲಾಯಿತು. ಗೋಡೆ ಎದ್ದಿತು. ಹಳ್ಳಿಗರು ಹೋರಾಡಿದರು, ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಆ ವಿಜ್ಞಾನದ ಹಿರಿಮೆಯನ್ನು ನಾನು ಇಲ್ಲಿ ಅಳೆಯುತ್ತಿಲ್ಲ. ಆದರೆ ಮೇವು ಹೋದ ಮೇಲೆ ಕುರಿ ಮಾರಿದವನ ಮನೆಯಲ್ಲಿ ಮಗ್ಗ ನಿಂತರೆ, ಆ ನೇಕಾರನಿಗೆ ‘ಮನಸ್ಸನ್ನು ಹಗುರ ಮಾಡಿಕೊಳ್ಳಿ, ಸ್ಫೂರ್ತಿ ತಾನಾಗಿ ಬರುತ್ತದೆ’ ಎನ್ನುವುದು ಅನ್ಯಾಯ. ಅವನಿಗೆ ಬೇಕಾದದ್ದು ಹುಲ್ಲು.

ಹಾಗೆಯೇ ನಿಮ್ಮನ್ನೂ ಕೇಳಿಕೊಳ್ಳಿ. ನಿಮಗೆ ಸಿಗದಿರುವುದು ಸಮಯವೇ, ಕೂರುವ ಜಾಗವೇ, ಸಾಮಾನೇ? ಮನೆಯವರ ಒಪ್ಪಿಗೆಯೇ? ನಿದ್ದೆ ಸಾಲದೆ ಮೈ ಸೋತಿದೆಯೇ? ಅಥವಾ ಇವೆಲ್ಲ ಇದ್ದೂ ಕೈ ನಡುಗುತ್ತಿದೆಯೇ? ಒಂದು ಹಾಳೆಯಲ್ಲಿ ಬರೆದು ನೋಡಿ. ಮೂರು ಮಕ್ಕಳ ತಾಯಿಗೆ ಸಂಜೆ ಅರ್ಧ ಗಂಟೆ ಯಾರಾದರೂ ಮಕ್ಕಳನ್ನು ನೋಡಿಕೊಂಡರೆ ಸಾಕು, ಆಕೆಯ ‘ಪ್ರತಿಭೆ’ ಮರಳಿ ಬರುತ್ತದೆ. ಅದನ್ನು ಬಿಟ್ಟು ಆಕೆಗೆ ಧ್ಯಾನದ ವಿಡಿಯೊ ಕಳಿಸಿ ಪ್ರಯೋಜನವಿಲ್ಲ. ಮುಂದಿನ ಸೂಚನೆಗಳು ತಡೆಯ ಒಂದಷ್ಟು ಭಾಗವಾದರೂ ಮನಸ್ಸಿನಲ್ಲೇ ಇರುವವರಿಗೆ.

ಕೈ ಆಡಿದರೆ ಮನಸ್ಸು ಏಕೆ ಹಗುರಾಗುತ್ತದೆ?

ಬೀಸುವಾಗ, ನೂಲುವಾಗ, ಕಳೆ ಕೀಳುವಾಗ ಹಾಡು ಹುಟ್ಟಿದ್ದು ಆಕಸ್ಮಿಕವಲ್ಲ. ಒಂದೇ ಲಯದಲ್ಲಿ ಆಡುವ ಕೈಗೆ ಗಮನದ ಒಂದು ಪಾಲು ಬೇಕು. ಚಿಂತೆಯೂ ಅದೇ ಗಮನವನ್ನು ತಿಂದು ಬದುಕುವಂಥದ್ದು. ಕೈ ಆ ಪಾಲನ್ನು ಎಳೆದುಕೊಂಡರೆ ಚಿಂತೆಗೆ ಅಷ್ಟು ಕಡಿಮೆ ಸಿಗುತ್ತದೆ, ಮಿಕ್ಕ ಮನಸ್ಸು ಅಡ್ಡಾಡಲು ಬಿಡುವಾಗುತ್ತದೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯನ್ನು ನೆನೆಯಿರಿ. ಅಕ್ಷರ ಕಲಿಯದ ಆಕೆಯ ನೆನಪಿನಲ್ಲಿ ಸಾವಿರಾರು ಹಾಡುಗಳಿದ್ದವು. ಕೃಷ್ಣಮೂರ್ತಿ ಹನೂರು ಅವುಗಳನ್ನು ಕೂತು ಬರೆದುಕೊಂಡರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆಕೆಗೆ ನಾಡೋಜ ಗೌರವ ಕೊಟ್ಟಿತು. ಆ ಹಾಡುಗಳು ‘ಈಗ ಸೃಜನಶೀಲಳಾಗಬೇಕು’ ಎಂದು ಬಾಗಿಲು ಮುಚ್ಚಿಕೊಂಡು ಕೂತಾಗ ಬಂದವಲ್ಲ. ಹಟ್ಟಿಯ ಕೆಲಸ, ಹಬ್ಬ, ಮದುವೆ, ದೇವರ ಕಾರ್ಯಗಳ ನಡುವೆ ನಾಲ್ಕು ಜನರ ದನಿಯ ಜೊತೆ ಬೆಳೆದವು.

ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇಲ್ಲಿ ಕೆಲಸಕ್ಕೆ ಬರುತ್ತದೆ. 39 ಮಂದಿ ವಯಸ್ಕರು 45 ನಿಮಿಷ ಮಣ್ಣು, ಬಣ್ಣ, ಕಾಗದದಲ್ಲಿ ತಮಗೆ ತೋಚಿದ್ದನ್ನು ಮಾಡಿದರು. ಒತ್ತಡದ ಹೊತ್ತಲ್ಲಿ ಏರುವ ಕಾರ್ಟಿಸಾಲ್ ಹಾರ್ಮೋನು ಸುಮಾರು ಮುಕ್ಕಾಲು ಪಾಲು ಜನರಲ್ಲಿ ಇಳಿಯಿತು. ಮೊದಲೇ ಚಿತ್ರ ಬಲ್ಲವರು, ಬಾರದವರು ಎಂಬ ಭೇದ ಅದರಲ್ಲಿ ಕಾಣಲಿಲ್ಲ. ಅಧ್ಯಯನ ಚಿಕ್ಕದು, ಹೋಲಿಸಿ ನೋಡಲು ಸುಮ್ಮನೆ ಕೂತವರ ಗುಂಪೂ ಇರಲಿಲ್ಲ. ಆದ್ದರಿಂದ ಅದನ್ನೇ ವೇದವಾಕ್ಯ ಮಾಡಬೇಕಿಲ್ಲ. ಆದರೂ ‘ನನಗೆ ಬರಲ್ಲ’ ಎನ್ನುವವರಿಗೆ ಅದು ಕೊಡುವ ಧೈರ್ಯ ದೊಡ್ಡದು: ಚಿತ್ರ ಚೆನ್ನಾಗಿ ಬರದಿದ್ದರೂ ಬಿಡಿಸಿದ್ದರ ಫಲ ಮೈಗೆ ಸಿಗಬಹುದು.

ಇನ್ನೊಂದು ಸಂಗತಿ ಬಹುಮಾನದ್ದು. 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಚಿತ್ರ ಬಿಡಿಸುವುದೆಂದರೆ ಇಷ್ಟವಿದ್ದ ಪುಟ್ಟ ಮಕ್ಕಳನ್ನು ಆಯ್ದುಕೊಂಡರು. ಕೆಲವರಿಗೆ ‘ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ’ ಎಂದು ಮೊದಲೇ ಹೇಳಿ ಕೊಟ್ಟರು. ಒಂದೆರಡು ವಾರದ ಮೇಲೆ ಸುಮ್ಮನೆ ಆಡಲು ಬಿಟ್ಟಾಗ ಆ ಮಕ್ಕಳೇ ಬಣ್ಣದ ಪೆನ್ನುಗಳತ್ತ ಕಡಿಮೆ ಬಂದರು. ಮೊದಲೇ ಹೇಳದೆ ಪ್ರಶಸ್ತಿ ಕೊಟ್ಟ ಮಕ್ಕಳಲ್ಲಿ, ಏನೂ ಸಿಗದವರಲ್ಲಿ ಹೀಗಾಗಲಿಲ್ಲ. ಹೊರಗಿನ ಆಸೆ ಒಳಗಿನ ಆಸೆಯ ಜಾಗ ಕಬಳಿಸುತ್ತದೆ. ಶಾಲೆಯ ಪ್ರತಿಭಾ ಕಾರಂಜಿಯಲ್ಲಿ ಮೊದಲ ಬಹುಮಾನ ಪಡೆದ ಎಷ್ಟೋ ಮಕ್ಕಳು ಎಸ್ಸೆಸ್ಸೆಲ್ಸಿ ಹೊತ್ತಿಗೆ ಕುಂಚ ಬಿಟ್ಟಿರುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ನಂಬಿಕೆ.

ಮತ್ತೆ ಶುರು ಮಾಡುವುದು ಹೇಗೆ?

1. ಹೊತ್ತು ಚಿಕ್ಕದಿರಲಿ, ಗೊತ್ತಾಗಿರಲಿ. ದಿನಕ್ಕೆ ಹದಿನೈದು ನಿಮಿಷ ಸಾಕು. ಈಗಾಗಲೇ ನಡೆಯುತ್ತಿರುವ ಯಾವುದಾದರೂ ಕೆಲಸಕ್ಕೆ ಅದನ್ನು ಗಂಟು ಹಾಕಿ: ಡೇರಿಗೆ ಹಾಲು ಹಾಕಿ ಬಂದ ಮೇಲೆ, ಸಂಜೆ ದೀಪ ಹಚ್ಚಿದ ಮೇಲೆ, ಅಂಗಡಿ ಬಾಗಿಲು ಹಾಕುವ ಮುಂಚೆ. ಹದಿನೈದು ನಿಮಿಷ ಮುಗಿದಾಗ ಇನ್ನೂ ಆಸೆಯಿದ್ದರೂ ಎದ್ದುಬಿಡಿ. ಉಳಿದ ಆಸೆಯೇ ನಾಳೆ ನಿಮ್ಮನ್ನು ಕೂರಿಸುತ್ತದೆ.

2. ಸಾಮಾನು ಅಗ್ಗದ್ದಾಗಿರಲಿ, ಕಣ್ಣಿಗೆ ಬೀಳುವಂತಿರಲಿ. ಐನೂರು ರೂಪಾಯಿಯ ಚಿತ್ರಪುಸ್ತಕ ತಂದವರು ಅದರ ಮೊದಲ ಹಾಳೆ ಕೆಡಿಸಲು ಹೆದರಿ ಬೀರುವಿನಲ್ಲಿಡುತ್ತಾರೆ. ಮಕ್ಕಳ ಹಳೆ ನೋಟ್‌ಬುಕ್ಕಿನ ಉಳಿದ ಹಾಳೆ, ಕ್ಯಾಲೆಂಡರಿನ ಹಿಂಬದಿ, ಪೆನ್ಸಿಲ್ಲು, ಇದ್ದಿಲು, ಕೆಮ್ಮಣ್ಣು, ಸುಣ್ಣ, ಇವುಗಳಿಂದ ಶುರು ಮಾಡಿ. ಹಾಡುವವರಿಗೆ ಸಾಮಾನೇ ಬೇಡ. ಆದರೆ ದನಿ ಎತ್ತಲು ಸಂಕೋಚವಿಲ್ಲದ ಒಂದು ಜಾಗ ಬೇಕು, ಹೊಲದ ಬದುವಾದರೂ ಸರಿ.

3. ನಿಮಗೆ ನೀವೇ ಒಂದು ಕಟ್ಟು ಹಾಕಿಕೊಳ್ಳಿ. ಪೂರ್ತಿ ಸ್ವಾತಂತ್ರ್ಯ ಕೊಟ್ಟ ಮನಸ್ಸು ಎಲ್ಲಿಂದ ಹಿಡಿಯಬೇಕೆಂದು ತೋಚದೆ ನಿಲ್ಲುತ್ತದೆ. ಕಂಬಳಿ ನೇಯುವವರ ಬಳಿ ಕುರಿ ಕೊಟ್ಟ ಬಣ್ಣ ಬಿಟ್ಟರೆ ಬೇರೆಯಿಲ್ಲ: ಕರಿ, ಬಿಳಿ, ಕಂದು. ಅಷ್ಟರಲ್ಲೇ ಅಂಚು, ಪಟ್ಟೆಗಳ ಎಷ್ಟು ಬಗೆ ಹುಟ್ಟಿವೆ! ಭೌಗೋಳಿಕ ಗುರುತು ಪಡೆದಿರುವ ಮೊಳಕಾಲ್ಮುರು ರೇಷ್ಮೆ ಸೀರೆಯೂ ಹಾಸು–ಹೊಕ್ಕಿನ ಲೆಕ್ಕದೊಳಗೇ ಅರಳಿದ್ದು. ಚುಕ್ಕಿ ಇಡದೆ ರಂಗೋಲಿ ಬಿಡಿಸುವುದಕ್ಕಿಂತ ಚುಕ್ಕಿಯಿಟ್ಟು ಬಿಡಿಸುವುದು ಕಲಿಯುವವರಿಗೆ ಸುಲಭವಲ್ಲವೇ? ಹಾಗಾಗಿ ಈ ವಾರ ಒಂದೇ ವಸ್ತು: ಎಕ್ಕದ ಗಿಡ, ಅಥವಾ ಜಾಲಿಯ ಒಂದು ಕೊಂಬೆ, ಅಥವಾ ಅಜ್ಜಿಯ ಕೈ. ಬರೆಯುವವರಾದರೆ ಎಂಟು ಸಾಲು ದಾಟಬಾರದು, ಅದರಲ್ಲಿ ‘ನಾನು’ ಬರಬಾರದು. ಇಂಥ ಕಟ್ಟನ್ನು ವಾರಕ್ಕೊಂದರಂತೆ ಬದಲಿಸಿ.

4. ತೋಚದಿದ್ದಾಗ ನಡೆಯಿರಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮರಿಲಿ ಒಪೆಝೊ ಮತ್ತು ಡೇನಿಯಲ್ ಶ್ವಾರ್ಟ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕೂತಾಗಿನದಕ್ಕಿಂತ ನಡೆಯುವಾಗ ಜನರಿಗೆ ಹೊಸ ಹೊಳಹುಗಳು ಹೆಚ್ಚು ಬಂದವು, ನಡೆದು ಬಂದು ಕೂತ ಮೇಲೂ ಸ್ವಲ್ಪ ಹೊತ್ತು ಉಳಿದವು. ಒಂದೇ ಸರಿಯುತ್ತರ ಹುಡುಕಬೇಕಾದ ಲೆಕ್ಕಕ್ಕೆ ಮಾತ್ರ ನಡಿಗೆ ನೆರವಾಗಲಿಲ್ಲ. ಹೊಳಹು ಬೇಕಾದಾಗ ನಡೆಯಬೇಕು, ತಿದ್ದಬೇಕಾದಾಗ ಕೂರಬೇಕು ಎಂದು ಇದನ್ನು ಓದಿಕೊಳ್ಳಬಹುದು. ಮಳೆಗಾಲ ಕಳೆದ ಮೇಲೆ ಇನ್ನೂ ತೆರೆದಿರುವ ಕಾವಲಿನ ಅಂಚಿನಲ್ಲಿ ಮುಂಜಾನೆ ನಡೆದರೆ ಹುಲ್ಲಿನ ತೆನೆಯ ಬಣ್ಣ ಗಳಿಗೆಗೊಮ್ಮೆ ಬದಲಾಗುವುದನ್ನು ಕಾಣುತ್ತೀರಿ, ಅದೃಷ್ಟವಿದ್ದರೆ ಕೃಷ್ಣಮೃಗವನ್ನೂ. ಫೋನು ಮನೆಯಲ್ಲಿರಲಿ. ಗೋಡೆ, ಬೇಲಿ ಹಾಕಿದ ಸಂಸ್ಥೆಗಳ ಹತ್ತಿರ ಹೋಗಬೇಡಿ, ಅಲ್ಲಿ ಫೋಟೊ ತೆಗೆಯಬೇಡಿ. ಬೇಸಿಗೆಯಲ್ಲಿ ಬಿಸಿಲೇರುವ ಮುಂಚೆ ಮರಳಿ ಬನ್ನಿ, ಕಾಲಿಗೆ ಚಪ್ಪಲಿಗಿಂತ ಶೂ ಒಳ್ಳೆಯದು. ಹುಲ್ಲಿನಲ್ಲಿ ಹಾವಿರುತ್ತವೆ.

5. ಮಾಡುವವನನ್ನೂ ತೂಗುವವನನ್ನೂ ಒಟ್ಟಿಗೆ ಕೂರಿಸಬೇಡಿ. ಕೈ ನಿಲ್ಲುವ ಮುಖ್ಯ ಕಾರಣ ಇದೇ. ಒಂದು ಗೆರೆ ಎಳೆದ ಕೂಡಲೇ ‘ವಕ್ರವಾಯಿತು’ ಎನ್ನುವವನು ಒಳಗೇ ಇದ್ದಾನೆ. ಅವನು ಬೇಡದವನಲ್ಲ, ಅವನಿಲ್ಲದೆ ಒಳ್ಳೆಯ ಕೆಲಸ ಆಗುವುದಿಲ್ಲ. ಆದರೆ ಅವನ ಸರದಿ ನಾಳೆ. ಇಂದು ಮಾಡಿದ್ದನ್ನು ಇಂದು ತಿದ್ದಬಾರದು ಎಂಬ ನಿಯಮ ಇಟ್ಟುಕೊಳ್ಳಿ. ರಬ್ಬರು ಕೈಗೆ ಸಿಗದಂತೆ ಎತ್ತಿಡಿ. ಹರಿಯುವುದಂತೂ ಬೇಡವೇ ಬೇಡ.

6. ತಾರೀಖು, ಹೆಸರು ಹಾಕಿ ಎತ್ತಿಡಿ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಬೆಟ್ಟದಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವುಗಳನ್ನು ಹೊರಜಗತ್ತಿಗೆ ತಿಳಿಸಿದರು. ಚಕ್ರವರ್ತಿಯ ಮಾತನ್ನು ಬಂಡೆಗೆ ಇಳಿಸಿದ ಲಿಪಿಕಾರ ಚಪಡ ತನ್ನ ಹೆಸರನ್ನೂ ಅಲ್ಲಿ ಬರೆದ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೆ ‘ಲಿಪಿಕಾರ’ ಎಂಬ ತನ್ನ ಕಸುಬಿನ ಹೆಸರನ್ನು ಮಾತ್ರ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಮೀರಿ ಆ ಕೈಗುರುತು ಉಳಿದಿದೆ. ನನಗೆ ಆ ಬೆಟ್ಟದಲ್ಲಿ ಅಶೋಕನಿಗಿಂತ ಹತ್ತಿರದವನು ಆತ. ನೀವೂ ಹೆಸರು ಹಾಕಿ. ಮೂರು ತಿಂಗಳ ಮೇಲೆ ಕಟ್ಟು ಬಿಚ್ಚಿ ನೋಡಿದರೆ ನಿಮ್ಮ ಕೈ ಎತ್ತ ಸಾಗಿದೆಯೆಂದು ಕಣ್ಣಾರೆ ಕಾಣುತ್ತದೆ. ದಿನದಿನದ ಬೇಸರಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನಾನು ಕಂಡಿಲ್ಲ.

7. ಜೊತೆಗೊಬ್ಬರಿರಲಿ. ಕೋಲಾಟ, ಭಜನೆ, ಸೋಬಾನೆ ಯಾವುದೂ ಒಬ್ಬರ ಕಲೆಯಲ್ಲ. ಮುಂದೆ ಹೇಳುವವರ ದನಿ ತಪ್ಪಿದರೆ ಹಿಂದೆ ಹೇಳುವವರು ಎತ್ತಿಕೊಳ್ಳುತ್ತಾರೆ, ಹೊಸಬರ ಅಪಸ್ವರ ಗುಂಪಿನಲ್ಲಿ ಮುಚ್ಚಿಹೋಗುತ್ತದೆ. ವಾರಕ್ಕೊಮ್ಮೆ ಒಬ್ಬ ಗೆಳತಿಯೋ ತಮ್ಮನೋ ಜೊತೆಗೆ ಕೂತು ಅವರವರ ಕೆಲಸ ಮಾಡಿಕೊಳ್ಳಿ. ಮಾತು ಬೇಕಿಲ್ಲ. ಕೊನೆಯಲ್ಲಿ ಒಂದೇ ಪ್ರಶ್ನೆ: “ಇದರಲ್ಲಿ ನಿನ್ನ ಕಣ್ಣು ಎಲ್ಲಿ ನಿಂತಿತು?” ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನುವ ಮಾತು ಮೊದಲ ಎರಡು ತಿಂಗಳು ಬೇಡ.

8. ಮನಸ್ಸಿನಲ್ಲಿ ಹಳೆಯ ಭಾರವೊಂದು ಕೂತಿದ್ದರೆ ಅದನ್ನು ಬರೆದು ಇಳಿಸುವ ಒಂದು ಕ್ರಮವಿದೆ. ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಇದನ್ನು ಪರೀಕ್ಷಿಸಿದರು: ನಾಲ್ಕು ದಿನ, ದಿನಕ್ಕೆ 15 ನಿಮಿಷ, ಕಾಗುಣಿತ ನೋಡದೆ, ನಿಲ್ಲಿಸದೆ, ಆದದ್ದನ್ನೂ ಅದು ತಂದ ನೋವನ್ನೂ ಬರೆಯುವುದು. ಬರೆದ ಹೊತ್ತಿಗೆ ಮನಸ್ಸು ಭಾರವಾದರೂ ಮುಂದಿನ ತಿಂಗಳುಗಳಲ್ಲಿ ಹಾಗೆ ಬರೆದ ವಿದ್ಯಾರ್ಥಿಗಳು ವೈದ್ಯರ ಬಳಿ ಹೋದದ್ದು ಕಡಿಮೆ. ಆಮೇಲಿನ ಅಧ್ಯಯನಗಳಲ್ಲಿ ಫಲ ಸಾಧಾರಣವೆಂದೇ ಕಂಡಿದೆ, ಎಲ್ಲರಿಗೂ ಸಿಕ್ಕಿಲ್ಲ. ಈ ಬರಹ ಪ್ರಕಟಣೆಗಲ್ಲ. ಬೇಕಿದ್ದರೆ ಸುಟ್ಟುಬಿಡಿ (ಹರಿಯಬೇಡಿ ಎಂದದ್ದು ಕಲೆಗೆ, ಇದಕ್ಕಲ್ಲ). ಸಾವು, ಅಪಘಾತ, ದೌರ್ಜನ್ಯ ಆಗಿ ಕೆಲವೇ ದಿನವಾಗಿದ್ದರೆ ಇದಕ್ಕೆ ಕೈಹಾಕಬೇಡಿ. ಬರೆಯುತ್ತಾ ಉಸಿರು ಕಟ್ಟಿದಂತಾದರೆ ಅಲ್ಲಿಗೇ ನಿಲ್ಲಿಸಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಮೂಡ್ ಬರಲಿ ಎಂದು ಕಾಯುವುದು ಮೊದಲನೆಯದು. ಮನಸ್ಸು ಕುಗ್ಗಿದಾಗ ಮೊದಲು ಹೋಗುವುದೇ ಉತ್ಸಾಹ. ಅದು ಬರಲಿ ಎಂದು ಕೂತರೆ ಉತ್ಸಾಹವೂ ಬರುವುದಿಲ್ಲ, ಕಲೆಯೂ ಬರುವುದಿಲ್ಲ. ಮನೋವೈದ್ಯರೂ ಖಿನ್ನತೆಯಲ್ಲಿರುವವರಿಗೆ ‘ಮೊದಲು ಸ್ವಲ್ಪ ಮಾಡಿ, ಹಿತ ಆಮೇಲೆ ಬರುತ್ತದೆ’ ಎಂಬ ಕ್ರಮವನ್ನೇ ಹೇಳಿಕೊಡುತ್ತಾರೆ.

ಬಿಡಿಸಿದ ಕೂಡಲೇ ಸ್ಟೇಟಸ್‌ಗೆ ಹಾಕುವುದು ಇನ್ನೊಂದು. ಎಷ್ಟು ಜನ ನೋಡಿದರು ಎಂದು ಎಣಿಸಲು ಶುರುವಾದರೆ ಮುಂದಿನ ಚಿತ್ರ ಅವರಿಗಾಗಿ ಬಿಡಿಸುತ್ತೀರಿ. ತಿಂಗಳಿಗೊಂದು ತೋರಿಸಿ, ಸಾಕು. ಬೇರೆಯವರ ವಿಡಿಯೊ ನೋಡುತ್ತಾ ಒಂದು ಗಂಟೆ ಕಳೆದು ‘ಕಲಿಯುತ್ತಿದ್ದೇನೆ’ ಎಂದುಕೊಳ್ಳುವುದೂ ಇದೇ ಜಾತಿಯ ತಪ್ಪು.

ಕುಡಿದರೆ ಹಾಡು ಬರುತ್ತದೆ ಎಂಬ ನಂಬಿಕೆ ನಮ್ಮ ಬಯಲಾಟದ ತಂಡಗಳಲ್ಲಿ ಎಷ್ಟು ಮನೆ ಹಾಳುಮಾಡಿದೆ ಎಂದು ಬಲ್ಲವರು ಬಲ್ಲರು. ಕುಡಿತ ನಾಚಿಕೆಯನ್ನು ಕೊಂಚ ಹೊತ್ತು ಓಡಿಸಬಹುದು. ಜೊತೆಗೆ ನೆನಪು, ತಾಳ, ನಿದ್ದೆಯನ್ನೂ ಓಡಿಸುತ್ತದೆ.

‘ಹುಚ್ಚಿಲ್ಲದೆ ಕಲೆಯಿಲ್ಲ’ ಎನ್ನುವುದು ಎಲ್ಲಕ್ಕಿಂತ ಅಪಾಯದ್ದು. ಸ್ವೀಡನ್ನಿನಲ್ಲಿ ಸೈಮನ್ ಕ್ಯಾಗ ಮತ್ತು ಸಂಗಡಿಗರು ಲಕ್ಷಾಂತರ ರೋಗಿಗಳ ದಾಖಲೆ ಜಾಲಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸೃಜನಶೀಲ ವೃತ್ತಿಯವರಲ್ಲಿ ಒಟ್ಟಾರೆ ಮಾನಸಿಕ ಕಾಯಿಲೆ ಇತರರಿಗಿಂತ ಹೆಚ್ಚೇನಿಲ್ಲ, ಬೈಪೋಲಾರ್ ಕಾಯಿಲೆಯೊಂದನ್ನು ಬಿಟ್ಟು. ಬರಹಗಾರರಲ್ಲಿ ಮಾತ್ರ ಹಲವು ಕಾಯಿಲೆಗಳ ಸಂಭವ ಹೆಚ್ಚಿತ್ತು. ಅಂದರೆ ಬರೆಯುವವರು ತಮ್ಮ ಮನಸ್ಸನ್ನು ಇನ್ನಷ್ಟು ಜೋಪಾನ ಮಾಡಬೇಕು. ಕಾಯಿಲೆಯನ್ನು ಬಂಡವಾಳವೆಂದು ಸಾಕಬಾರದು. ಮಾತ್ರೆ ತೆಗೆದುಕೊಂಡರೆ ಕಲ್ಪನೆ ಸಾಯುತ್ತದೆಂದು ಹೆದರಿ ತಾವಾಗಿ ನಿಲ್ಲಿಸುವವರಿದ್ದಾರೆ. ಮಂಪರು, ಕೈನಡುಕ ಕಂಡರೆ ವೈದ್ಯರಿಗೆ ಹೇಳಿ, ಪ್ರಮಾಣ ಬದಲಿಸಲು ಬರುತ್ತದೆ. ನೀವಾಗಿ ಬಿಡಬೇಡಿ.

ಎಚ್ಚರಿಕೆ: ಇಷ್ಟು ಸಾಲದೆ ಹೋದಾಗ

ಕಲೆ ಆಸರೆ, ಚಿಕಿತ್ಸೆಯ ಬದಲಿಯಲ್ಲ. ಎರಡು ವಾರಕ್ಕೂ ಮಿಕ್ಕಿ ದಿನವಿಡೀ ಮಂಕು, ಯಾವುದರಲ್ಲೂ ರುಚಿಯಿಲ್ಲ, ನಿದ್ದೆ–ಊಟ ಕೆಟ್ಟಿದೆ, ಬದುಕೇ ಬೇಡ ಅನ್ನಿಸುತ್ತಿದೆ ಎಂದಾದರೆ ಪೆನ್ಸಿಲ್ಲಿಗಿಂತ ಮೊದಲು ವೈದ್ಯರು. ಇದರ ತಿರುಗುಮುರುಗೂ ಇದೆ: ದಿನಗಟ್ಟಲೆ ನಿದ್ದೆಯಿಲ್ಲದೆಯೂ ದಣಿವಿಲ್ಲ, ತಲೆತುಂಬ ಯೋಜನೆ, ಮಾತು ನಿಲ್ಲುವುದಿಲ್ಲ, ಕೈ ಬಿಚ್ಚಿ ಖರ್ಚು. ಮನೆಯವರು ಇದನ್ನು ‘ಸ್ಫೂರ್ತಿ ಬಂದಿದೆ’ ಎಂದುಕೊಂಡು ಸುಮ್ಮನಿದ್ದರೆ ಕಷ್ಟ. ಆದಷ್ಟು ಬೇಗ ಕರೆದೊಯ್ಯಿರಿ.

ಇಲ್ಲಿನವರಿಗೆ ಮನೋವೈದ್ಯರ ನೆರವು ದೂರದ ಮಾತಲ್ಲ. ಇಂದು ದೇಶದ ಜಿಲ್ಲೆಗಳಲ್ಲಿ ನಡೆಯುತ್ತಿರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಹಾಕಿಕೊಟ್ಟದ್ದು ಮೊಳಕಾಲ್ಮುರಿನ ಪಕ್ಕದ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ಮಾಡಿದ ಪ್ರಯೋಗವೇ ‘ಬಳ್ಳಾರಿ ಮಾದರಿ’ ಎಂದು ಹೆಸರಾಗಿ, 1996ರಿಂದ ದೇಶಕ್ಕೆ ಹಬ್ಬಿತು. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಬರುತ್ತಾರೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿದುಕೊಳ್ಳಿ. ಅಷ್ಟು ದೂರ ಹೋಗಲಾಗದಿದ್ದರೆ ಟೆಲಿ–ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗಲಾದರೂ, ಕನ್ನಡದಲ್ಲೇ, ಹಣವಿಲ್ಲದೆ ಮಾತನಾಡಬಹುದು.

ಕೊನೆಯದಾಗಿ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ಒಂದು ಕೋರಿಕೆ. ವಾರಕ್ಕೆ ಒಂದು ಪಿರಿಯಡ್ಡನ್ನು ಅಂಕವಿಲ್ಲದೆ, ಬಹುಮಾನವಿಲ್ಲದೆ, ಗೋಡೆಗೆ ಅಂಟಿಸುವ ಹಂಗೂ ಇಲ್ಲದೆ ಮಕ್ಕಳ ಕೈಗೆ ಬಿಟ್ಟುಕೊಡಿ. ಕಂಬಳಿ ನೇಯುವವರೊಬ್ಬರನ್ನು, ಸೋಬಾನೆ ಬಲ್ಲ ಅಜ್ಜಿಯೊಬ್ಬರನ್ನು ಒಂದು ದಿನ ತರಗತಿಗೆ ಕರೆಸಿ ಕೂರಿಸಿ, ಬಂದವರಿಗೆ ಅವರ ದಿನದ ಕೂಲಿ ತಪ್ಪದೆ ಕೊಡಿ.